ತುರ್ತು ಚಿಕಿತ್ಸೆಯ ಕೇಂದ್ರೀಕರಣ ಮತ್ತು ಹಳ್ಳಿಯ ರೋಗಿ

ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಹಗಲಿರುಳೂ ತೆರೆದಿರುತ್ತಿದ್ದ ತುರ್ತು ವಿಭಾಗಗಳನ್ನು ಮುಚ್ಚಿ, ತಜ್ಞರನ್ನೂ ಯಂತ್ರೋಪಕರಣಗಳನ್ನೂ ಒಂದೇ ದೊಡ್ಡ ಆಸ್ಪತ್ರೆಯಲ್ಲಿ ಒಟ್ಟುಗೂಡಿಸುವ ಕ್ರಮವನ್ನು ತುರ್ತು ಸೇವೆಯ ಕೇಂದ್ರೀಕರಣ ಎನ್ನುತ್ತಾರೆ. ಇದರ ಹಿಂದಿನ ತರ್ಕವನ್ನು ತಳ್ಳಿಹಾಕುವಂತಿಲ್ಲ: 2010ರಲ್ಲಿ ಲಂಡನ್ ನಗರವು ಪಾರ್ಶ್ವವಾಯುವಿನ ಮೊದಲ ಹಂತದ ಚಿಕಿತ್ಸೆಯನ್ನು 8 ವಿಶೇಷ ಘಟಕಗಳಿಗೆ ಸೀಮಿತಗೊಳಿಸಿದ ಮೇಲೆ ಸಾವುಗಳು ಕಡಿಮೆಯಾದವು. ಆದರೆ ಅಲ್ಲಿ ಆಂಬುಲೆನ್ಸ್ ಅರ್ಧ ಗಂಟೆಯೊಳಗೆ ಘಟಕವನ್ನು ತಲುಪುವಂತೆ ಯೋಜನೆ ರೂಪಿಸಲಾಗಿತ್ತು; ಗ್ರಾಮೀಣ ಪ್ರದೇಶಕ್ಕೆ ಅದೇ ಲೆಕ್ಕ ಹೊಂದುವುದಿಲ್ಲ.

ಐರ್ಲೆಂಡಿನ ಮಧ್ಯಪಶ್ಚಿಮ ಭಾಗದಲ್ಲಿ 2009ರಲ್ಲಿ ಎನ್ನಿಸ್ ಮತ್ತು ನೀನಾ ಆಸ್ಪತ್ರೆಗಳ ರಾತ್ರಿಯ ತುರ್ತು ಸೇವೆ ನಿಂತು, ಮುಂದೆ ಅಲ್ಲಿ ಸಣ್ಣ ಪೆಟ್ಟುಗಳನ್ನು ಹಗಲಿನಲ್ಲಷ್ಟೇ ನೋಡುವ ಘಟಕಗಳು ಉಳಿದುದರಿಂದ, ಗಂಭೀರ ರೋಗಿಗಳೆಲ್ಲ ಲಿಮರಿಕ್ ನಗರದ ದೊಡ್ಡ ಆಸ್ಪತ್ರೆಯತ್ತ ಹೋಗಬೇಕಾಯಿತು. ಎನ್ನಿಸ್‌ನವರಿಗೆ ಇದು 40 ಕಿ.ಮೀ.ಗಿಂತ ಕಡಿಮೆ, ಪಶ್ಚಿಮ ಕರಾವಳಿಯ ಕಿಲ್ಕೀ ಊರಿನವರಿಗೆ ಸುಮಾರು 90 ಕಿ.ಮೀ. ಯೋಜನೆಗಳು ನೆಚ್ಚಿಕೊಳ್ಳುವ ಸರಾಸರಿ ದೂರದಲ್ಲಿ ಈ ಅಂಚಿನ ಊರುಗಳು ಕಾಣಿಸುವುದೇ ಇಲ್ಲ.

ದೂರ ಎಷ್ಟು ಹಾನಿಕರ ಎಂಬ ಪ್ರಶ್ನೆಗೆ ಅಧ್ಯಯನಗಳ ಉತ್ತರ ಒಂದೇ ಆಗಿಲ್ಲ. ಇಂಗ್ಲೆಂಡಿನಲ್ಲಿ ಜೀವಾಪಾಯದ ಸ್ಥಿತಿಯಲ್ಲಿ ಆಂಬುಲೆನ್ಸ್ ಏರಿದ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವು, ನೇರ ದೂರ 10 ಕಿ.ಮೀ. ಹೆಚ್ಚಿದಂತೆ ನೂರಕ್ಕೆ ಸುಮಾರು ಒಬ್ಬರಂತೆ ಸಾವು ಏರುತ್ತದೆಂದೂ, ಉಸಿರಾಟದ ತೊಂದರೆಯವರಲ್ಲಿ ಈ ಏರಿಕೆ ಇನ್ನೂ ಹೆಚ್ಚೆಂದೂ ಕಂಡುಕೊಂಡಿತು. 2009 ಮತ್ತು 2011ರ ನಡುವೆ ಅದೇ ದೇಶದಲ್ಲಿ ಮುಚ್ಚಿದ ಐದು ವಿಭಾಗಗಳ ಸುತ್ತಲಿನ ಜನರನ್ನು ಕುರಿತ ಇನ್ನೊಂದು ಅಧ್ಯಯನಕ್ಕೆ ಸಾವು ಹೆಚ್ಚಿದುದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಮುಚ್ಚುವಾಗ ಹೇಳಿದ್ದ ಲಾಭಕ್ಕೂ ಪುರಾವೆ ಸಿಗಲಿಲ್ಲ ಎಂಬುದನ್ನು ಮುಚ್ಚುವ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ದೂರಕ್ಕಿಂತ ದೊಡ್ಡ ತೊಡಕು ತಲುಪಿದ ಮೇಲಿನದು. ಲಿಮರಿಕ್‌ನಲ್ಲಿ ಹಾಸಿಗೆಗಳನ್ನು ಹೆಚ್ಚಿಸಿದ ಬಳಿಕ ಸಣ್ಣ ವಿಭಾಗಗಳನ್ನು ಮುಚ್ಚಬೇಕಿತ್ತು. ನಡೆದದ್ದು ತಿರುವುಮುರುವಾಗಿ, ಹೊಸ ತುರ್ತು ವಿಭಾಗವೇ ತೆರೆದದ್ದು 2017ರಲ್ಲಿ. ವಾರ್ಡಿನಲ್ಲಿ ಜಾಗವಿಲ್ಲದೆ ಟ್ರಾಲಿಗಳ ಮೇಲೆ ಕಾಯುವವರನ್ನು ದಾದಿಯರ ಸಂಘ ದಿನವೂ ಎಣಿಸುವ ಪಟ್ಟಿಯಲ್ಲಿ ಈ ಆಸ್ಪತ್ರೆ ವರ್ಷಗಟ್ಟಲೆ ದೇಶದಲ್ಲೇ ಮುಂದಿದೆ. ರೋಗಿಯನ್ನು ಒಪ್ಪಿಸಲು ಆಂಬುಲೆನ್ಸ್ ಬಾಗಿಲಲ್ಲಿ ಕಾಯುವಷ್ಟು ಹೊತ್ತೂ ಅದು ಹೊರಟುಬಂದ ಊರಿನ ಸುತ್ತ ಬೇರೆ ವಾಹನ ಇಲ್ಲದಿರಬಹುದು. ಇದನ್ನೆಲ್ಲ ಬಲ್ಲ ವೃದ್ಧರು ಎದೆನೋವು ಬಂದರೂ ಬೆಳಗಾಗಲೆಂದು ಮನೆಯಲ್ಲೇ ಉಳಿದರೆ, ಆ ವಿಳಂಬ ಆಸ್ಪತ್ರೆಯ ಯಾವ ದಾಖಲೆಗೂ ಸೇರುವುದಿಲ್ಲ.

ಇದೇ ದೇಶದ ರಾಸ್ಕಾಮನ್ ಆಸ್ಪತ್ರೆಯ ತುರ್ತು ವಿಭಾಗ 2011ರಲ್ಲಿ ಮುಚ್ಚಿದ ಮರುವರ್ಷ, ಅಥ್ಲೋನ್ ಪಟ್ಟಣದಿಂದ ಹೊರಡುವ ಹೆಲಿಕಾಪ್ಟರ್ ಆಂಬುಲೆನ್ಸ್ ಆರಂಭವಾಗಿ ಹಲವರ ಪ್ರಯಾಣದ ಅವಧಿ ತಗ್ಗಿತು. ಆದರೆ ಆ ಸೇವೆಯೂ ಹಗಲಿನದಾಗಿತ್ತು.