ಕಣ್ಣು ಸರಿಯಿದೆ, ಆದ್ರೂ ಕಾಣ್ತಿಲ್ಲ!

ಅಲ್‌ಝೈಮರ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಮರೆವು. ಮಗನ ಹೆಸರು ಮರೆತರು, ಮನೆ ದಾರಿ ಮರೆತರು. ಆದರೆ ಈ ಕಾಯಿಲೆ ನೋಟಕ್ಕೂ ಕೈ ಹಾಕುತ್ತೆ ಅನ್ನೋದು ಎಷ್ಟು ಮನೆಗಳಿಗೆ ಗೊತ್ತಿದೆ?

ಬಾಗಿಲ ಮುಂದೆ ಕಪ್ಪು ಮ್ಯಾಟ್ ಇದ್ದರೆ ಅಜ್ಜಿ ದಾಟೋದೇ ಇಲ್ಲ. ಕನ್ನಡಿ ನೋಡಿ 'ಯಾರೋ ಬಂದಿದ್ದಾರೆ' ಅಂತ ಹೆದರುತ್ತಾರೆ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತೆ. ನಾವೇನಂತೀವಿ? 'ವಯಸ್ಸಾಯ್ತು, ಹಠ ಜಾಸ್ತಿ.'

ಹಠ ಅಲ್ಲ ಸ್ವಾಮಿ. ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾ ಚೆನ್ನಾಗಿದ್ದರೂ ಕಂಟ್ರೋಲ್ ರೂಮ್ ಕೆಟ್ಟರೆ ನಿಮ್ಮ ಟಿವಿಗೆ ಸರಿಯಾದ ಚಿತ್ರ ಬರುತ್ತಾ? ಇಲ್ಲೂ ಅಷ್ಟೇ. ಕಣ್ಣು ಕ್ಯಾಮೆರಾ. ಅದು ಕಳಿಸಿದ್ದನ್ನು ಅರ್ಥ ಮಾಡಿಕೊಳ್ಳೋದು ಮಿದುಳು. ಅಲ್ಲಿನ ಜೀವಕೋಶಗಳು ಸಾಯ್ತಾ ಹೋದಂತೆ ಆಳ, ದೂರ, ಬಣ್ಣಗಳ ವ್ಯತ್ಯಾಸ ತಿಳಿಯೋದು ಕಷ್ಟ. ಕಪ್ಪು ಮ್ಯಾಟ್ ಅವರಿಗೆ ಗುಂಡಿ. ಕನ್ನಡಿಯಲ್ಲಿರೋದು ಅಪರಿಚಿತರು.

ಕೆಲವರಲ್ಲಿ ಮರೆವಿಗಿಂತ ಮೊದಲೇ ನೋಟ ಕೈಕೊಡುತ್ತೆ. ಇಂಗ್ಲೆಂಡಿನ ಕಾದಂಬರಿಕಾರ ಟೆರ್ರಿ ಪ್ರಾಚೆಟ್ ಅವರಿಗೆ ಆಗಿದ್ದು ಇದೇ. ಅವರಿಗಿದ್ದದ್ದು ಮಿದುಳಿನ ಹಿಂಭಾಗ ಸವೆಯುವ 'ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ'. ತಮಗೆ ಅಲ್‌ಝೈಮರ್ ಇದೆ ಅಂತ 2007ರ ಡಿಸೆಂಬರ್‌ನಲ್ಲಿ ಅವರೇ ಹೇಳಿಕೊಂಡರು. ಆಗ ವಯಸ್ಸು 59. ಮುಂದೆ ಟೈಪ್ ಮಾಡೋಕೆ ಆಗದಿದ್ದಾಗ ಬಾಯಲ್ಲಿ ಹೇಳಿ ಪುಸ್ತಕ ಬರೆಸಿದರು. ಬುದ್ಧಿ ಇತ್ತು, ಮಾತಿತ್ತು, ಕಥೆಯೂ ಇತ್ತು.

ಇನ್ನು ತಟ್ಟೆಯ ವಿಷಯ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕಾಯಿಲೆ ತೀವ್ರವಾಗಿದ್ದ 9 ಜನರಿಗೆ ಬಿಳಿ ತಟ್ಟೆ-ಲೋಟದ ಬದಲು ಕೆಂಪು ಬಣ್ಣದವನ್ನು ಕೊಟ್ಟರು. ಊಟ ಸರಾಸರಿ ಶೇ. 25, ಕುಡಿಯೋದು ಶೇ. 84 ಹೆಚ್ಚಾಯ್ತು! ಒಪ್ಪೋಣ, 9 ಜನರ ಅಧ್ಯಯನ ಚಿಕ್ಕದು. ಆದರೆ ಬಣ್ಣದ ತಟ್ಟೆಗೆ ಎಷ್ಟು ಖರ್ಚಾಗುತ್ತೆ ಹೇಳಿ? ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಮೇಲೆ ಮೊಸರು. ಕಾಣೋದಾದರೂ ಹೇಗೆ?

ಹಾಗಂತ ಎಲ್ಲವನ್ನೂ ಅಲ್‌ಝೈಮರ್ ತಲೆಗೆ ಕಟ್ಟಬೇಡಿ. ಪೊರೆ, ಗ್ಲಾಕೋಮಾ ಕೂಡ ಇರಬಹುದು. ಮೊದಲು ಕಣ್ಣಿನ ಡಾಕ್ಟರ್ ನೋಡಲಿ. ಕಣ್ಣು ಚೆನ್ನಾಗಿದೆ ಅಂದ ಮೇಲೂ ಮೆಟ್ಟಿಲು ತಪ್ತಿದ್ದರೆ, ಸಾಲು ಹಿಡಿದು ಓದೋಕೆ ಆಗದಿದ್ದರೆ ನರರೋಗ ತಜ್ಞರ ಹತ್ತಿರ ಹೋಗಿ. ಕನ್ನಡಕದ ಮೇಲೆ ಕನ್ನಡಕ ಬದಲಿಸಿ ಪ್ರಯೋಜನವಿಲ್ಲ.

ಮನೆಯಲ್ಲಿ ಕಪ್ಪು ಮ್ಯಾಟ್ ತೆಗೀರಿ. ಕನ್ನಡಿಗೆ ಬಟ್ಟೆ ಹಾಕಿ. ಮೆಟ್ಟಿಲಂಚಿಗೆ ಎದ್ದು ಕಾಣೋ ಬಣ್ಣದ ಟೇಪ್ ಅಂಟಿಸಿ, ಬೆಳಕು ಹೆಚ್ಚಿಸಿ. ಮುಂದಿನ ಸಲ ಅವರು 'ಗುಂಡಿ ಇದೆ' ಅಂದರೆ ವಾದಕ್ಕೆ ಇಳೀಬೇಡಿ. ಕೈ ಹಿಡಿದು ದಾಟಿಸಿ.