ಹರಿದ ಚಿತ್ರಕ್ಕೆ ಹೊಸ ಕಾರ್ಡೇ ಬೇಕೆ?

ಪರೀಕ್ಷೆ ಮುಗಿದು ರಜೆ ಬಂದರೆ ಸಾಕು, ಗುಂಡ್ಲುಪೇಟೆಯಾಗಲಿ ಚಾಮರಾಜನಗರವಾಗಲಿ, ಕಂಪ್ಯೂಟರ್ ಇರುವ ಮನೆಗಳಲ್ಲಿ ಇಂಥದೊಂದು ಬೇಡಿಕೆ ಏಳುವುದುಂಟು: "ಅಪ್ಪಾ, ಇಲ್ನೋಡು, ಚಿತ್ರ ಹರ್ದೋಯ್ತದ. ಈ ಕಾರ್ಡ್ ಸಾಲ್ದು, ಹೊಸದು ಬೇಕು." ಓದಿಗೆಂದು ಕೊಂಡ ಕಂಪ್ಯೂಟರಿನ ಕಂತೇ ಇನ್ನೂ ತೀರಿರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಎಂದರೆ ಮತ್ತೆ ಸಾವಿರಾರು ರೂಪಾಯಿಯ ಮಾತು. ಹಾಗೆಂದು ಮಗ ಸುಳ್ಳು ಹೇಳುತ್ತಿಲ್ಲ. ಪರದೆಯ ಮೇಲೆ ಕಾರು ಓಡಿಸುವಾಗ ರಸ್ತೆ ಬದಿಯ ಕಂಬ ನಿಜಕ್ಕೂ ನಡುವೆ ತುಂಡಾದಂತೆ ಕಾಣುತ್ತಿದೆ.

ಆದರೆ ಹಣ ಹೊಂದಿಸುವ ಮೊದಲು ಅಪ್ಪ, ಮಗ ಇಬ್ಬರೂ ಜೊತೆಯಾಗಿ ಕೂತು ಆಟದ ಸೆಟ್ಟಿಂಗ್ಸ್‌ನಲ್ಲಿರುವ ಒಂದು ಆಯ್ಕೆಯನ್ನು ನೋಡುವುದು ಒಳ್ಳೆಯದು. ಅದರ ಹೆಸರು ವರ್ಟಿಕಲ್ ಸಿಂಕ್, ಚಿಕ್ಕದಾಗಿ ವಿ-ಸಿಂಕ್. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಹರಿಯುವುದು ಏಕೆ?

ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಬಾರಿ ತನ್ನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. 60 ಹರ್ಟ್ಜ್ ಎನ್ನುವುದು ಇದನ್ನೇ. ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಅದು, ನಾವು ಪುಟ ಬರೆಯುವಂತೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ತುಂಬುತ್ತಾ ಬರುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಈ ತಾಳವಿಲ್ಲ. ದೃಶ್ಯ ಸರಳವಾಗಿದ್ದರೆ ಚಿತ್ರವನ್ನು ಬೇಗ ಸಿದ್ಧಪಡಿಸುತ್ತದೆ, ಜಟಿಲವಾಗಿದ್ದರೆ ತಡವಾಗಿ. ಮಾನಿಟರ್ ಅರ್ಧ ಪುಟ ಬರೆದಿರುವಾಗಲೇ ಹೊಸ ಚಿತ್ರ ಕೈಗೆ ಬಂದರೆ ಮೇಲಿನ ಅರ್ಧ ಹಳೆಯದು, ಕೆಳಗಿನ ಅರ್ಧ ಹೊಸದು. ಹರಿಯುವುದು ಎಂದರೆ ಇದೇ. ಕಾರ್ಡ್ ವೇಗವಾಗಿದ್ದರೂ, ನಿಧಾನವಾಗಿದ್ದರೂ, ಹೆಜ್ಜೆ ಕೂಡದಿದ್ದರೆ ಚಿತ್ರ ಹರಿಯುತ್ತದೆ. ಆದ್ದರಿಂದ ಇನ್ನೂ ವೇಗದ ಕಾರ್ಡ್ ತಂದ ಮಾತ್ರಕ್ಕೆ ಇದು ಹೋಗದು.

ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರುಗಳಲ್ಲಿ ಎಲೆಕ್ಟ್ರಾನ್ ಕಿರಣ ಕೆಳತುದಿ ಮುಟ್ಟಿ ಮತ್ತೆ ಮೇಲಕ್ಕೆ ಬರಲು ಚೂರು ಬಿಡುವು ಬೇಕಿತ್ತು. ಇಂದಿನ ಚಪ್ಪಟೆ ಪರದೆಯಲ್ಲಿ ಕಿರಣವಿಲ್ಲ, ಆದರೆ ಸಂಕೇತದಲ್ಲಿ ಆ ಬಿಡುವು ಉಳಿದಿದೆ. ಚಿತ್ರ ಬದಲಿಸುವುದಾದರೆ ಆ ಬಿಡುವಿನಲ್ಲೇ ಬದಲಿಸು ಎಂದು ಕಾರ್ಡಿಗೆ ಕಟ್ಟಳೆ ಹಾಕುವುದೇ ವಿ-ಸಿಂಕ್. ಚಿತ್ರ ಇಡಿಯಾಗಿ ಕಾಣುತ್ತದೆ.

ಮದ್ದೂರು ಗೇಟಿನ ಲೆಕ್ಕ

ಹಾಗಾದರೆ ಯಾವಾಗಲೂ ಹಾಕಿಯೇ ಇಡಬಹುದಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಗುಂಡ್ಲುಪೇಟೆಯವರಿಗೆ ಬೇರೆಯವರು ಹೇಳಬೇಕಿಲ್ಲ. 2009ರಲ್ಲಿ ಆರಂಭವಾದ ನಿಷೇಧದಂತೆ ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಕೇರಳಕ್ಕೆ ತರಕಾರಿ ಹೊತ್ತ ಲಾರಿ 9ಕ್ಕೆ ಎರಡು ನಿಮಿಷ ಇರುವಾಗ ಮದ್ದೂರು ಚೆಕ್‌ಪೋಸ್ಟ್ ಮುಟ್ಟಿದರೆ ದಾಟಿತು. ಎರಡು ನಿಮಿಷ ತಡವಾದರೆ? ಕಳೆದುಕೊಂಡದ್ದು ಎರಡು ನಿಮಿಷವಲ್ಲ, ಇಡೀ ರಾತ್ರಿ.

ವಿ-ಸಿಂಕ್ ಗೇಟೂ ಹಾಗೆಯೇ. ಚಿತ್ರ 16.7ರ ಬದಲು 18 ಮಿಲಿಸೆಕೆಂಡಿಗೆ ಸಿದ್ಧವಾದರೆ ಅದು ಮುಂದಿನ ಗೇಟಿಗೆ, ಅಂದರೆ 33ನೇ ಮಿಲಿಸೆಕೆಂಡಿಗೆ ಕಾಯಬೇಕು. ಪ್ರತಿ ಚಿತ್ರವೂ ಹೀಗೆ ತಪ್ಪಿದರೆ ಸೆಕೆಂಡಿಗೆ 55 ಚಿತ್ರ ಕೊಡಬಲ್ಲ ಕಾರ್ಡ್ 30ಕ್ಕೆ ಇಳಿಯುತ್ತದೆ. ಆಟ ತಡವರಿಸುತ್ತದೆ. ಒಂದು ಚಿತ್ರವನ್ನು ಹೆಚ್ಚುವರಿಯಾಗಿ ಕೈಯಲ್ಲಿಟ್ಟುಕೊಳ್ಳುವ ಟ್ರಿಪಲ್ ಬಫರಿಂಗ್ ಎಂಬ ಉಪಾಯ ಈ ಕುಸಿತವನ್ನು ತಗ್ಗಿಸುತ್ತದೆ.

ಇನ್ನೊಂದು ಬೆಲೆಯೂ ಇದೆ. ಸಿದ್ಧವಾದ ಚಿತ್ರ ಗೇಟಿನಲ್ಲಿ ಕಾಯುವುದರಿಂದ ನಾವು ಮೌಸ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ಅಂತರ ಹೆಚ್ಚುತ್ತದೆ. ಒಂದೆರಡು ಚಿತ್ರ ತಡವಾದರೆ 16ರಿಂದ 33 ಮಿಲಿಸೆಕೆಂಡ್. ಕಥೆಯ ಆಟದಲ್ಲಿ ಇದು ಗೊತ್ತಾಗದು. ಎದುರಾಳಿಯೊಡನೆ ಗುರಿ ಹಿಡಿಯುವ ಆಟದಲ್ಲಿ ಗೊತ್ತಾಗುತ್ತದೆ. ಕ್ರಿಕೆಟ್ ಆಟದಲ್ಲಿ ಬ್ಯಾಟ್ ಬೀಸುವ ಗಳಿಗೆ ತಪ್ಪಿದಂತೆ ಅನ್ನಿಸಬಹುದು.

ಯಾವಾಗ ಬೇಕು, ಯಾವಾಗ ಬೇಡ?

ಕಥೆ, ಊರು ಕಟ್ಟುವುದು, ನಿಧಾನವಾಗಿ ಸುತ್ತಾಡುವುದು ಇಂಥ ಆಟಗಳಿಗೆ ವಿ-ಸಿಂಕ್ ಹಾಕಿ. ವೇಗದ ಸ್ಪರ್ಧೆಯ ಆಟಗಳಿಗೆ ತೆಗೆದು, ಅಲ್ಲಲ್ಲಿ ಹರಿದದ್ದನ್ನು ಸಹಿಸಿಕೊಳ್ಳಿ. ಕಾರ್ಡಿಗೆ 60 ಮುಟ್ಟಲು ಆಗುತ್ತಿಲ್ಲವೆಂದರೆ ಮೊದಲು ನೆರಳು, ಹುಲ್ಲು ಮುಂತಾದ ಅಲಂಕಾರಗಳನ್ನು ಕಡಿಮೆ ಮಾಡಿ ನೋಡಿ. ಎನ್ವಿಡಿಯಾ 2012ರಲ್ಲಿ ತಂದ ಅಡಾಪ್ಟಿವ್ ವಿ-ಸಿಂಕ್ ವೇಗ ಕುಸಿದಾಗ ತಾನೇ ಗೇಟು ತೆರೆದುಬಿಡುತ್ತದೆ.

2013ರಲ್ಲಿ ಪ್ರಕಟವಾದ ಜಿ-ಸಿಂಕ್, ಅದರ ಬೆನ್ನಿಗೇ ಬಂದ ಎಎಂಡಿಯ ಫ್ರೀಸಿಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಇಲ್ಲಿ ಲಾರಿ ಗೇಟಿಗೆ ಕಾಯುವುದಿಲ್ಲ, ಲಾರಿ ಬಂದಾಗ ಗೇಟೇ ತೆರೆಯುತ್ತದೆ. ಮಾನಿಟರಿನಲ್ಲೂ ಕಾರ್ಡಿನಲ್ಲೂ ಈ ಸೌಲಭ್ಯವಿದ್ದರೆ ಮೊದಲು ಅದನ್ನು ಹಾಕಿಕೊಳ್ಳಿ. ಮುಂದೆ ಹೊಸ ಮಾನಿಟರ್ ಕೊಳ್ಳುವವರು ಇದು ಇದೆಯೇ ಎಂದು ಅಂಗಡಿಯಲ್ಲಿ ಕೇಳಿ ಕೊಳ್ಳಬೇಕು.

ತಂದೆತಾಯಿಗಳು ತಿಳಿಯಬೇಕಾದ ಇನ್ನೊಂದು ಸಂಗತಿ ವಿದ್ಯುತ್ತಿನದು. ಹಳೆಯ ಆಟವೊಂದರಲ್ಲಿ ಕಾರ್ಡ್ ಸೆಕೆಂಡಿಗೆ 200 ಚಿತ್ರ ತಯಾರಿಸಿದರೂ 60 ಹರ್ಟ್ಜ್ ಪರದೆ ಅಷ್ಟನ್ನೂ ತೋರಿಸಲಾರದು. ಉಳಿದ ದುಡಿಮೆ ಹೆಚ್ಚಾಗಿ ಶಾಖವಾಗಿ, ಫ್ಯಾನಿನ ಸದ್ದಾಗಿ, ಕರೆಂಟ್ ಬಿಲ್ಲಾಗಿ ಹೋಗುತ್ತದೆ. ವಿ-ಸಿಂಕ್ ಆ ಓಟವನ್ನು 60ಕ್ಕೆ ನಿಲ್ಲಿಸುತ್ತದೆ. ವೇಗದ ಮಿತಿ ಹಾಕುವ ಫ್ರೇಮ್ ಲಿಮಿಟ್ ಎಂಬ ಆಯ್ಕೆಯೂ ಇದೇ ಕೆಲಸ ಮಾಡುತ್ತದೆ. ಯುಪಿಎಸ್ ಮೇಲೆ ನಡೆಯುವ ಕಂಪ್ಯೂಟರಿಗೆ ಇದು ಸಣ್ಣ ಉಪಕಾರವಲ್ಲ.

ವಿದ್ಯಾರ್ಥಿಗಳೇ, ಮೈಸೂರಿನ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋಗುವ ಮೊದಲು ಒಂದು ಪ್ರಯೋಗ ಮಾಡಿ. ಒಂದೇ ಆಟ, ಒಂದೇ ದೃಶ್ಯ. ವಿ-ಸಿಂಕ್ ಹಾಕಿ ಹತ್ತು ನಿಮಿಷ, ತೆಗೆದು ಹತ್ತು ನಿಮಿಷ. ಫ್ರೇಮ್ ಎಣಿಕೆ, ಹರಿಯುವುದು, ಕೈಗೆ ಅನ್ನಿಸಿದ ತಡ, ಮೂರನ್ನೂ ನೋಟ್ ಪುಸ್ತಕದಲ್ಲಿ ಬರೆದು ಮನೆಯವರಿಗೆ ತೋರಿಸಿ. ಅಲಂಕಾರ ಕಡಿಮೆ ಮಾಡಿದ ಮೇಲೂ ಎಣಿಕೆ 60ರ ಹತ್ತಿರ ಸುಳಿಯದಿದ್ದರೆ ನಿಮ್ಮ ಬೇಡಿಕೆಯಲ್ಲಿ ನ್ಯಾಯವಿದೆ. ಸುಳಿದರೆ, ಉಳಿದದ್ದು ಮನೆಯ ದುಡ್ಡು.