ವೈಮಾಂತರಿಕ್ಷ ಸಂಶೋಧನೆಯ ಹಣ: ನಾಲ್ಕು ತಾಲೂಕುಗಳ ಉದ್ಯಮಕ್ಕೆ ದಾರಿ ಯಾವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ವ್ಯಾಪಾರೋದ್ಯಮವೆಂದರೆ ಇಂದಿಗೂ ತೊಗರಿ, ಕಡಲೆ, ಜೋಳ, ಲಿಂಬೆ, ಕಬ್ಬು. ಇವುಗಳನ್ನು ಅವಲಂಬಿಸಿದ ದಾಲ್ ಮಿಲ್ಲು, ಸಕ್ಕರೆ ಕಾರ್ಖಾನೆ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಹಾಗೂ ಲೇತ್ ವರ್ಕ್‌ಶಾಪುಗಳು. ವಿಮಾನ ಸಂಶೋಧನೆ ಎಂದೊಡನೆ ಅದು ಬೆಂಗಳೂರಿನ ಮಾತು ಎಂದು ಇಲ್ಲಿನ ಉದ್ಯಮಿಗೆ ಅನಿಸುವುದು ಸಹಜ. ಆದರೆ ರಾಷ್ಟ್ರದ ಸಂಶೋಧನಾ ನೀತಿಯಲ್ಲಿ ಕೆಲವು ವರ್ಷಗಳಿಂದ ಆಗುತ್ತಿರುವ ಬದಲಾವಣೆಯನ್ನು ಗಮನಿಸಿದರೆ, ಈ ಮಾತಿಗೆ ತಾಲೂಕಿನ ಲೇತ್ ಮಾಲೀಕನೂ ಕಿವಿಗೊಡಬೇಕಾದ ಕಾಲ ಬಂದಿದೆ. ಕಿವಿಗೊಡದಿದ್ದರೆ ಆಗುವ ನಷ್ಟವೂ ಸ್ಪಷ್ಟವಾಗಿದೆ. ಐಟಿಐ, ಡಿಪ್ಲೊಮಾ ಮುಗಿಸಿದ ಯುವಕರು ಪುಣೆ, ಬೆಂಗಳೂರಿನ ಬಸ್ಸು ಹತ್ತುವುದು ಹಾಗೆಯೇ ಮುಂದುವರಿಯುತ್ತದೆ.

ಒಂಬತ್ತು ಮೆಟ್ಟಿಲು, ನಡುವಿನ ಕೊರತೆ

ಹೊಸ ತಂತ್ರಜ್ಞಾನವೊಂದು ಕಲ್ಪನೆಯ ಹಂತದಿಂದ ಬಳಕೆಗೆ ಬರುವವರೆಗಿನ ದಾರಿಯನ್ನು ತಜ್ಞರು 9 ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ. ಮೊದಲ ಮೂರು ಮೆಟ್ಟಿಲುಗಳು ಸಿದ್ಧಾಂತ ಮತ್ತು ಪ್ರಯೋಗಾಲಯಕ್ಕೆ ಸೇರಿದವು. ಕೊನೆಯವು ತಯಾರಿಕೆ ಮತ್ತು ಬಳಕೆಗೆ ಸೇರಿದವು. ನಡುವಿನವು ಮಾದರಿ ಬಿಡಿಭಾಗಗಳನ್ನು ಮಾಡುವ, ಪರೀಕ್ಷಿಸುವ, ಮುರಿದರೆ ಮತ್ತೆ ಮಾಡುವ ಹಂತಗಳು. ಕರ್ನಾಟಕದಲ್ಲಿ ಎರಡೂ ತುದಿಗಳು ಗಟ್ಟಿಯಾಗಿವೆ. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರ ಸಾಹಸದಿಂದ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯೇ ಇಂದಿನ ಎಚ್‌ಎಎಲ್. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಬೆಂಗಳೂರಿನಲ್ಲಿಯೇ ನೆಲೆಗೊಂಡಿದೆ. ಕೊರತೆ ಕಂಡುಬಂದಿರುವುದು ನಡುವಿನ ಮೆಟ್ಟಿಲುಗಳಲ್ಲಿ.

ಇದಕ್ಕೆ ಕಾವೇರಿ ಎಂಜಿನ್ ಯೋಜನೆಯೇ ನಿದರ್ಶನ. 1989ರಲ್ಲಿ 382.81 ಕೋಟಿ ರೂ. ವೆಚ್ಚದಲ್ಲಿ ಮಂಜೂರಾದ ಈ ಯೋಜನೆಯ ಅಂದಾಜು ಮುಂದೆ 2,839 ಕೋಟಿ ರೂ.ಗೆ ಏರಿತು. ಎತ್ತರದ ಹಾರಾಟದ ಪರೀಕ್ಷೆಗೆ ಬೇಕಾದ ಸೌಲಭ್ಯ ದೇಶದಲ್ಲಿ ಇರಲಿಲ್ಲವಾದ್ದರಿಂದ ಎಂಜಿನ್ನನ್ನು ರಷ್ಯಾಕ್ಕೆ ಒಯ್ದು, 2010ರಲ್ಲಿ ಅಲ್ಲಿನ ಐಎಲ್-76 ವಿಮಾನಕ್ಕೆ ಅಳವಡಿಸಿ ಪರೀಕ್ಷಿಸಬೇಕಾಯಿತು. ನಿರೀಕ್ಷಿತ ನೂಕುಬಲ ದೊರೆಯದ ಕಾರಣ ತೇಜಸ್ ಯುದ್ಧವಿಮಾನಕ್ಕೆ ಅಮೆರಿಕದ ಎಂಜಿನ್ನೇ ಗತಿಯಾಯಿತು. ಅದರ ಬೆಲೆಯನ್ನು ದೇಶ ಇಂದಿಗೂ ತೆರುತ್ತಿದೆ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಬೇಡಿಕೆ ಸಲ್ಲಿಕೆಯಾಯಿತು. ಅವುಗಳಿಗಾಗಿ ಅದೇ ವರ್ಷ ಕೋರಲಾದ 99 ಎಂಜಿನ್‌ಗಳ ಪೈಕಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಸಾರಸ್ ವಿಮಾನದ ಕಥೆ ಹಣಕಾಸಿನ ಇನ್ನೊಂದು ಪಾಠವನ್ನು ಹೇಳುತ್ತದೆ. 2004ರ ಮೇ 29ರಂದು ಮೊದಲ ಬಾರಿಗೆ ಹಾರಿದ ಈ ನಾಗರಿಕ ವಿಮಾನದ ಎರಡನೆಯ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಅಪಘಾತಕ್ಕೀಡಾಗಿ ವಾಯುಪಡೆಯ ಮೂವರು ಮೃತಪಟ್ಟರು. ಬಳಿಕ ಯೋಜನೆ ಕುಂಟುತ್ತ ಸಾಗಿ ಸ್ಥಗಿತಗೊಂಡಿತು. ಸುಧಾರಿತ ಮಾದರಿ ಮತ್ತೆ ಹಾರಿದ್ದು 2018ರ ಜನವರಿ 24ರಂದು. ನಿಂತು ನಿಂತು ಬರುವ ಹಣದಿಂದ ವಿಮಾನ ಸಿದ್ಧವಾಗುವುದಿಲ್ಲ. ಹಣ ನಿಂತಾಗ ಅನುಭವಸ್ಥ ಕೈಗಳು ಚದುರುತ್ತವೆ. ಬಿಡಿಭಾಗ ಪೂರೈಸುವ ಸಣ್ಣ ಘಟಕ ಬೇರೆ ಕೆಲಸ ಹುಡುಕಿಕೊಳ್ಳುತ್ತದೆ.

ಹಣದ ಹೊಸ ಹರಿವು

ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಸಲ್ಲುವ ಪಾಲು 2020-21ರಲ್ಲಿ ಕೇವಲ ಶೇ. 0.64ರಷ್ಟಿತ್ತು, ಅದರಲ್ಲಿಯೂ ಹೆಚ್ಚಿನದು ಸರ್ಕಾರದ ಹಣ. ಖಾಸಗಿ ಉದ್ಯಮವನ್ನು ಸಂಶೋಧನೆಗೆ ಎಳೆಯುವುದೇ ಈಚಿನ ಕ್ರಮಗಳ ಗುರಿ. 2022-23ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣಾ ಸಂಶೋಧನೆಯ ಅನುದಾನದ ಶೇ. 25ರಷ್ಟನ್ನು ಉದ್ಯಮ, ನವೋದ್ಯಮ ಮತ್ತು ಶಿಕ್ಷಣ ಸಂಸ್ಥೆಗಳಿಗೆ ತೆರೆಯಲಾಗುವುದೆಂದು ಘೋಷಿಸಲಾಯಿತು. ಐದನೆಯ ಪೀಳಿಗೆಯ ಯುದ್ಧವಿಮಾನದ ಮಾದರಿಗಳ ನಿರ್ಮಾಣಕ್ಕೆ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂ.ಗಳಿಗೆ ಅನುಮೋದನೆ ದೊರೆಯಿತು. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟ 1 ಲಕ್ಷ ಕೋಟಿ ರೂ.ಗಳ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ಯೋಜನೆಗೆ ಒಪ್ಪಿಗೆ ನೀಡಿತು. ಇದು ವೈಮಾಂತರಿಕ್ಷಕ್ಕೆ ಮಾತ್ರ ಮೀಸಲಾದುದಲ್ಲ. ಆದರೆ ನಾಲ್ಕನೆಯ ಮೆಟ್ಟಿಲು ಮತ್ತು ಅದರ ಮೇಲಿನ ಕೆಲಸಕ್ಕೆ ಸಲ್ಲುವಂಥದು ಎಂಬುದು ಮುಖ್ಯ. ಹಳೆಯ ಕೊರತೆಯನ್ನು ನೇರವಾಗಿ ಗುರುತಿಸಿದ ಯೋಜನೆ ಇದು.

ಆದರೆ ಉದ್ಯಮಿಗಳು ಎರಡು ಅಂಶಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಇದು ಬಹುಪಾಲು ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲವೇ ಹೊರತು ಸಹಾಯಧನವಲ್ಲ. ಎರಡನೆಯದಾಗಿ, ಹಣ ನಿಧಿ ವ್ಯವಸ್ಥಾಪಕರ ಮೂಲಕ ಹರಿಯುತ್ತದೆ. ತಾಲೂಕಿನ ಸಣ್ಣ ಘಟಕ ನೇರವಾಗಿ ಕೈಚಾಚುವಂತಿಲ್ಲ. ಸಣ್ಣ ಉದ್ಯಮಗಳಿಗೆ ಹತ್ತಿರವಾದವು ಬೇರೆ ಎರಡು ಯೋಜನೆಗಳು. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿಯು ಯೋಜನಾ ವೆಚ್ಚದ ಶೇ. 90ರವರೆಗೆ ನೆರವು ನೀಡುತ್ತದೆ. ಇದರ ಮಿತಿಯನ್ನು 2022ರಲ್ಲಿ 10 ಕೋಟಿಯಿಂದ 50 ಕೋಟಿ ರೂ.ಗೆ ಏರಿಸಲಾಯಿತು. 2018ರಲ್ಲಿ ಆರಂಭವಾದ ಐಡೆಕ್ಸ್ ಯೋಜನೆಯಲ್ಲಿ ಸೇನೆ ಮುಂದಿಡುವ ಸಮಸ್ಯೆಗೆ ಪರಿಹಾರ ರೂಪಿಸುವವರಿಗೆ 1.5 ಕೋಟಿ ರೂ.ವರೆಗೆ ಅನುದಾನವಿದೆ, ಉದ್ಯಮಿಯೂ ತನ್ನ ಪಾಲನ್ನು ಹೂಡಬೇಕು.

ತಾಲೂಕಿಗೆ ಎಟುಕುವ ಕೆಲಸ

ಸಿಂದಗಿಯ ವರ್ಕ್‌ಶಾಪಿನಲ್ಲಿ ನಾಳೆಯೇ ಎಂಜಿನ್ನಿನ ಟರ್ಬೈನ್ ಅಲಗು ತಯಾರಾಗುತ್ತದೆಂದು ಯಾರೂ ಹೇಳಲಾರರು. ಆದರೆ ನಡುವಿನ ಮೆಟ್ಟಿಲುಗಳ ಕೆಲಸವೆಲ್ಲ ಅಷ್ಟು ಸೂಕ್ಷ್ಮವಾದುದಲ್ಲ. ಬಿಡಿಭಾಗವನ್ನು ಹಿಡಿದಿಡುವ ಜಿಗ್ ಮತ್ತು ಫಿಕ್ಸ್‌ಚರ್, ಪರೀಕ್ಷೆಯ ಚೌಕಟ್ಟು, ವಿಮಾನದ ಭಾಗಗಳನ್ನು ಸಾಗಿಸುವ ಟ್ರಾಲಿ, ದುರಸ್ತಿಗೆ ಬೇಕಾದ ಏಣಿ ಮತ್ತು ಸ್ಟ್ಯಾಂಡು ಇವೆಲ್ಲ ಐದು-ಹತ್ತರ ಲೆಕ್ಕದಲ್ಲಿ ಬೇಕಾಗುತ್ತವೆ. ದೊಡ್ಡ ಕಾರ್ಖಾನೆಗೆ ಇಷ್ಟು ಸಣ್ಣ ಬೇಡಿಕೆ ಲಾಭದಾಯಕವಲ್ಲ. ಟ್ರೇಲರ್ ಕಟ್ಟಿ ಅನುಭವವಿರುವ ಕೈಗಳಿಗೆ ಇಂಥ ಕೆಲಸ ಅಪರಿಚಿತವೂ ಅಲ್ಲ. ಕೊರತೆಯಿರುವುದು ಅಳತೆಯ ಶಿಸ್ತಿನಲ್ಲಿ, ಪ್ರಮಾಣಿತ ವೆಲ್ಡರ್‌ಗಳಲ್ಲಿ ಮತ್ತು ಪ್ರತಿ ತುಂಡು ಲೋಹದ ದಾಖಲೆ ಇಡುವ ರೂಢಿಯಲ್ಲಿ.

ಇನ್ನೊಂದು ದಾರಿ ಈಗಾಗಲೇ ಹೊಲಕ್ಕೆ ಬಂದಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಕೃಷಿ ಡ್ರೋನ್ ಒದಗಿಸಲು 2023ರ ನವೆಂಬರ್‌ನಲ್ಲಿ ಕೇಂದ್ರವು 1,261 ಕೋಟಿ ರೂ.ಗಳ ಯೋಜನೆಗೆ ಒಪ್ಪಿಗೆ ನೀಡಿತು. ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರುವರಿಯಲ್ಲಿ ನಿರ್ಬಂಧಿಸಲಾಯಿತಾದರೂ ಬಿಡಿಭಾಗಗಳ ಆಮದಿಗೆ ಅವಕಾಶ ಉಳಿಯಿತು. ತೊಗರಿ ಹೊಲದ ಮೇಲೆ ಔಷಧ ಸಿಂಪಡಿಸುವ ಡ್ರೋನಿನ ರೆಕ್ಕೆ ಮುರಿದರೆ, ಸಿಂಪಡಿಕೆಯ ನಳಿಕೆ ಕಟ್ಟಿದರೆ ರೈತನು ಬೆಂಗಳೂರಿಗೆ ಕಾಯಬೇಕಿಲ್ಲ ಎಂಬಂತಹ ದುರಸ್ತಿ ಕೇಂದ್ರವೇ ಈ ತಾಲೂಕುಗಳಿಗೆ ವೈಮಾಂತರಿಕ್ಷದ ಮೊದಲ ಪಾಠಶಾಲೆಯಾಗಬಲ್ಲದು.

ಆಗಬೇಕಾದುದೇನು?

ಬೆಳಗಾವಿಯ ಅನುಭವ ಕಣ್ಣ ಮುಂದಿದೆ. ಎರಕ ಮತ್ತು ಯಂತ್ರಭಾಗಗಳ ಉದ್ಯಮ ಮೊದಲೇ ಬೇರೂರಿದ್ದ ಆ ಜಿಲ್ಲೆಯ ಹತ್ತರಗಿಯಲ್ಲಿ 2009ರಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ಆರಂಭವಾಯಿತು. ಅಲ್ಲಿನ ಬಿಡಿಭಾಗಗಳು ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಸಲ್ಲುತ್ತಿವೆ. ಕೌಶಲ ಮೊದಲು ಇತ್ತು, ಬಂಡವಾಳ ಅನಂತರ ಬಂತು ಎಂಬುದು ಇದರ ಪಾಠ. ಬೆಂಗಳೂರಿನ ಸುತ್ತ ಭೂಮಿಯೂ ಸುಲಭವಾಗಿ ಉಳಿದಿಲ್ಲ. ದೇವನಹಳ್ಳಿ ತಾಲೂಕಿನಲ್ಲಿ ವೈಮಾಂತರಿಕ್ಷ ಪಾರ್ಕಿಗಾಗಿ ಉದ್ದೇಶಿಸಿದ್ದ 1,777 ಎಕರೆಗಳ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಕೈಬಿಟ್ಟಿತು. ಉದ್ಯಮ ಬೇರೆ ಜಿಲ್ಲೆಗಳತ್ತ ನೋಡುವುದಾದರೆ, ಆಗ ಸಿದ್ಧವಾಗಿರುವ ಊರಿಗೆ ಅದು ಬರುತ್ತದೆ.

ಈ ಸಿದ್ಧತೆಗೆ ದೊಡ್ಡ ಮೊತ್ತ ಬೇಕಿಲ್ಲ. ಕೃಷ್ಣೆಯ ಆಚೆ ದಡದ ಕೂಡಲಸಂಗಮದಲ್ಲಿ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರವಿದೆ. ಮುದ್ದೇಬಿಹಾಳ, ಬಾಗೇವಾಡಿಯ ವರ್ಕ್‌ಶಾಪುಗಳು ತಮ್ಮ ಕೆಲಸಗಾರರನ್ನು ಅಲ್ಪಾವಧಿ ತರಬೇತಿಗೆ ಕಳುಹಿಸುವ ಬಗ್ಗೆ ಅಲ್ಲಿ ವಿಚಾರಿಸಬಹುದು. ನಾಲ್ಕು ತಾಲೂಕುಗಳ ಘಟಕಗಳು ಒಟ್ಟುಗೂಡಿ ಒಂದು ಅಳತೆ-ಪರೀಕ್ಷಾ ಕೊಠಡಿಯನ್ನು ಹಂಚಿಕೊಂಡರೆ, ಒಬ್ಬೊಬ್ಬರಿಗೆ ಎಟುಕದ ಎಎಸ್ 9100 ಗುಣಮಟ್ಟದ ಪ್ರಮಾಣಪತ್ರದ ಸಿದ್ಧತೆ ಸುಲಭವಾಗುತ್ತದೆ. ವಾಣಿಜ್ಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಯಂತ್ರಗಳ ಮತ್ತು ಕುಶಲಕರ್ಮಿಗಳ ಪಟ್ಟಿ ತಯಾರಿಸಿ ಬೆಂಗಳೂರು, ಬೆಳಗಾವಿಯ ಖರೀದಿದಾರರ ಮುಂದಿಡಬೇಕು. ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಖಚಿತವಾಗಿರಬೇಕು: ಲಕ್ಷ ಕೋಟಿಯ ನಿಧಿಯಿಂದ ಸಾಲ ಪಡೆಯುವ ದೊಡ್ಡ ಸಂಸ್ಥೆಗಳು ಮಾದರಿ ಕೆಲಸದ ನಿಗದಿತ ಪಾಲನ್ನು ಜಿಲ್ಲೆಗಳ ಸಣ್ಣ ಘಟಕಗಳಿಗೆ ನೀಡಬೇಕು; ಒಮ್ಮೆ ಆರಂಭವಾದ ಯೋಜನೆಯ ಹಣ ನಡುವೆ ನಿಲ್ಲಬಾರದು.

1915ರಲ್ಲಿ ಅಮೆರಿಕ ಸರ್ಕಾರ ವಿಮಾನ ಸಂಶೋಧನೆಗೆಂದು ಸಮಿತಿಯೊಂದನ್ನು ರಚಿಸಿದಾಗ ಅದಕ್ಕೆ ಒದಗಿಸಿದ್ದು ವರ್ಷಕ್ಕೆ ಕೇವಲ 5,000 ಡಾಲರ್. ಆ ಸಮಿತಿಯ ಬುನಾದಿಯ ಮೇಲೆಯೇ 1958ರಲ್ಲಿ ನಾಸಾ ರೂಪುಗೊಂಡಿತು. ಮೊದಲ ಮೊತ್ತ ಸಣ್ಣದಾಗಿದ್ದರೂ ಕೆಲಸ ನಿಲ್ಲಲಿಲ್ಲ ಎಂಬುದೇ ಅಲ್ಲಿನ ಯಶಸ್ಸಿನ ಗುಟ್ಟು. ನಾಲ್ಕು ತಾಲೂಕುಗಳ ಉದ್ಯಮಿಗಳಿಗೂ ಅದೇ ಮಾತು ಅನ್ವಯಿಸುತ್ತದೆ: ನಿಖರ ಅಳತೆಯ ಮೊದಲ ಟ್ರಾಲಿ, ಮೊದಲ ಡ್ರೋನ್ ದುರಸ್ತಿ ಅಂಗಡಿ, ಮೊದಲ ಪ್ರಮಾಣಿತ ವೆಲ್ಡರ್ ಇಲ್ಲಿಯೇ ಸಿದ್ಧರಾಗಲಿ, ನಿಧಿಯ ಬಾಗಿಲು ತಟ್ಟುವ ಅರ್ಹತೆ ಅಲ್ಲಿಂದ ಆರಂಭವಾಗುತ್ತದೆ.